ಗೆರೆ ಆಚೆ ನಿಂತಿರೋ ಅಪ್ಪ ಅಮ್ಮಂದಿರ ಹತ್ರ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡೋಕೆ ಶುರು ಮಾಡಿ 15 ವರ್ಷ ಆಯ್ತು, ಮನೇಲೂ ಇಬ್ಬರು ಫುಟ್‌ಬಾಲ್ ಹುಚ್ಚರಿದಾರೆ, ಮಗಳು ದೊಡ್ಡೋಳು, ಮಗ ಚಿಕ್ಕೋನು. ಮಂಚದ ಕೆಳಗೆ ಚೆಂಡು, ಬಾಗಿಲ ಹಿಂದೆ ಮಣ್ಣು ಮೆತ್ತಿದ ಸಾಕ್ಸು, ನಿಮ್ಮನೇಲೂ ಇದೇ ಕತೆ ಅಂತ ಅಂದ್ಕೊಂಡೇ ಮಾತಾಡ್ತೀನಿ. ನಾಲ್ಕು ವಿಷಯ ಬರ್ಕೊಂಡು ಬಂದಿದೀನಿ, ಆದ್ರೆ ನಿಜ ಹೇಳ್ಬೇಕಂದ್ರೆ ನನಗೆ ಹೇಳ್ಬೇಕಾಗಿರೋದು ಒಂದೇ. ಮ್ಯಾಚ್ ನಡೀವಾಗ ಗೆರೆ ಆಚೆ ನಿಂತ್ಕೊಂಡು ಕೂಗ್ಬೇಡಿ.

ಹುರಿದುಂಬಿಸೋದೂ ಬೇಡ್ವಾ ಸಾರ್ ಅಂತ ಕೇಳ್ತಾರೆ. ಚಪ್ಪಾಳೆ ಹೊಡೀರಿ, ಗೋಲ್ ಆದ್ರೆ ಕುಣೀರಿ, ಎದುರು ಟೀಮಿನ ಮಗು ಚೆನ್ನಾಗಾಡಿದ್ರೆ ಅದಕ್ಕೂ ಚಪ್ಪಾಳೆ ಹೊಡೀರಿ. ನಾನು ಬೇಡ ಅಂತಿರೋದು ಆ "ಪಾಸ್ ಕೊಡೋ, ಹೊಡಿಯೋ, ಹಿಂದಕ್ಕೆ ಬಾರೋ" ಅನ್ನೋ ಕಾಮೆಂಟರಿ. ನೋಡಿ, ಚೆಂಡು ಕಾಲಿಗೆ ಬಂದಾಗ ಮಗುಗೆ ಸಿಗೋದು ಒಂದೋ ಎರಡೋ ಸೆಕೆಂಡು. ಅಷ್ಟರೊಳಗೆ ಚೆಂಡು ನೋಡ್ಬೇಕು, ಮೇಲೆ ಬೀಳೋಕೆ ಬರ್ತಿರೋನ್ನ ನೋಡ್ಬೇಕು, ನಮ್ಮೋರು ಎಲ್ಲಿದಾರೆ ನೋಡ್ಬೇಕು. ಆಗ ನೀವು ಹೆಸರು ಹಿಡಿದು ಕೂಗಿದ್ರೆ ಅದು ನಿಮ್ಮ ಕಡೆ ತಿರುಗುತ್ತೆ, ಅಷ್ಟೊತ್ತಿಗೆ ಚೆಂಡು ಹೋಗಿರುತ್ತೆ. ಆಮೇಲೆ "ಗಮನ ಎಲ್ಲಿತ್ತೋ" ಅಂತ ನೀವೇ ಬೈತೀರ. ನಿಮ್ಮ ಮೇಲೇ ಇತ್ತು ಸ್ವಾಮಿ!

ನಾನೇನು ಹುಟ್ಟಾ ಬಾಯಿ ಮುಚ್ಕೊಂಡಿದ್ದೋನಲ್ಲ, ಅದನ್ನೂ ಹೇಳ್ಬಿಡ್ತೀನಿ. ಮಗಳಿಗೆ ಆಗ 9 ವರ್ಷ, ಅವತ್ತು ನಾನು ಕೋಚ್ ಅಲ್ಲ, ಬರೀ ಅಪ್ಪ. ರೆಫ್ರಿ ಅಂದ್ರೆ ಮೀಸೆ ಈಗಷ್ಟೇ ಚಿಗುರ್ತಿದ್ದ ಒಬ್ಬ ಹುಡುಗ, ಸೀಟಿ ಊದೋಕೂ ನಾಚ್ಕೋತಿದ್ದ. ಎದುರು ಟೀಮ್‌ನವರು ಥ್ರೋ-ಇನ್ ತಗೊಂಡ್ರು, ಅಂದ್ರೆ ಗೆರೆ ಆಚೆ ಹೋದ ಚೆಂಡನ್ನ ಕೈಯಿಂದ ಒಳಗೆ ಎಸೆದ್ರು, ಅವರ ಹುಡುಗಿ ಒಬ್ಬಳು ನಮ್ಮ ಡಿಫೆನ್ಸ್ ದಾಟಿ ಹಿಂದೆ ಒಬ್ಬಳೇ ನಿಂತಿದ್ದಳು, ಚೆಂಡು ಸೀದಾ ಅವಳಿಗೇ ಬಂತು, ಗೋಲ್. ನಾನು ಗಂಟಲು ಹರಿಯೋ ಹಾಗೆ "ಆಫ್‌ಸೈಡ್! ಆಫ್‌ಸೈಡ್ ಕಣ್ರೀ!" ಅಂತ ಗೆರೆ ದಾಟಿ ಒಳಗೇ ಹೋಗ್ಬಿಟ್ಟೆ. ಆಫ್‌ಸೈಡ್ ಅಂದ್ರೆ, ಪಾಸ್ ಕೊಡೋ ಹೊತ್ತಿಗೇ ಎದುರಿನವರ ಡಿಫೆನ್ಸ್ ದಾಟಿ ಗೋಲ್ ಹತ್ರ ನಿಂತಿದ್ದು ಚೆಂಡು ತಗೊಳ್ಳೋ ತಪ್ಪು. ಪಕ್ಕದ ಅಪ್ಪಂದಿರೂ ಶುರು ಹಚ್ಕೊಂಡ್ರು. ಆ ಹುಡುಗನ ಮುಖ ಕೆಂಪಗಾಯ್ತು, ಆದ್ರೂ ಪುಣ್ಯಾತ್ಮ ಗೋಲ್ ಕೊಟ್ಟ. ನಾನು ಮ್ಯಾಚ್ ಮುಗಿಯೋವರೆಗೂ ಗೊಣಗಿದ್ದೇ ಗೊಣಗಿದ್ದು.

ವಾಪಸ್ ಬರ್ತಾ ಕಾರಲ್ಲಿ ಮಗಳು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದಳು. ಸೋತಿದ್ದಕ್ಕೆ ಬೇಜಾರು ಅಂತ ನಾನು ಸಮಾಧಾನ ಮಾಡೋಕೆ ಹೋದೆ, ಅದಕ್ಕವಳು "ಅಪ್ಪಾ, ಥ್ರೋ-ಇನ್‌ಗೆ ಆಫ್‌ಸೈಡ್ ಇಲ್ಲ" ಅಂದ್ಲು. ಅಷ್ಟೇ. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್, ಚೆಂಡು ಹೊರಗೆ ಹೋದ್ಮೇಲೆ ಆಟ ಮತ್ತೆ ಶುರು ಮಾಡೋ ಈ ಮೂರರಿಂದ ಚೆಂಡು ನೇರವಾಗಿ ಬಂದ್ರೆ ಆಫ್‌ಸೈಡ್ ಇಲ್ಲ, ಥ್ರೋ-ಇನ್ ವಿಷಯದಲ್ಲಂತೂ 1920ರಿಂದಲೇ ಹಾಗಿದೆ. ಮಕ್ಕಳಿಗೆ ಪಾಠ ಹೇಳೋ ನನಗೆ ಗೊತ್ತಿಲ್ದೇ ಇತ್ತಾ? ಗೊತ್ತಿತ್ತು ಕಣ್ರೀ, ಮಗಳ ಟೀಮ್ ಅಂದ ತಕ್ಷಣ ಮರೆತೋಯ್ತು. ಮುಂದಿನ ಶನಿವಾರ ಬೂಟ್ ಲೇಸ್ ಕಟ್ಕೊಳ್ತಾ ತಲೆ ಎತ್ತದೇ ಕೇಳಿದ್ಲು, "ಅಪ್ಪ, ಇವತ್ತು ಕಾರಲ್ಲೇ ಕೂತಿರ್ತೀಯಾ?"

ಕೂತಿದ್ದೆ. ಅರ್ಧ ಮೈದಾನ ಮಾತ್ರ ಕಾಣ್ತಿತ್ತು, ಕಂಡ ಅರ್ಧದಲ್ಲೇ ಅವಳು ಮೂರು ಸಲ ಚೆಂಡು ತಗೊಂಡು ಎದುರಿನವರನ್ನ ದಾಟಿಸ್ಕೊಂಡು ಹೋದ್ಲು, ಅದನ್ನ ನಾನು ಮೊದಲು ನೋಡೇ ಇರ್ಲಿಲ್ಲ. ಅದಕ್ಕೇ ಹೇಳ್ತಿರೋದು, ಕೂಗ್ಬೇಡಿ. ಮನೆಗೆ ಬರೋ ದಾರೀಲೂ ಅಷ್ಟೇ, ಮ್ಯಾಚ್ ವಿಷಯ ನೀವಾಗೇ ತೆಗೀಬೇಡಿ, ಅವರಿಗೆ ಬೇಕಂದ್ರೆ ಅವರೇ ತೆಗೀತಾರೆ, ತೆಗೀದಿದ್ರೆ ಬಿಟ್ಬಿಡಿ.

ಅಯ್ಯೋ, ಟೈಮ್ ಆಗ್ಬಿಟ್ಟಿದೆ. ಉಳಿದಿದ್ದು ಬೇಗ ಬೇಗ. ಚೆಂಡಿನ ಸೈಜ್: 8 ವರ್ಷದ ಒಳಗಿನವರಿಗೆ 3, ಅಲ್ಲಿಂದ 12ರವರೆಗೆ 4, ಆಮೇಲೆ 5. 5ನೇ ಸೈಜ್ 410ರಿಂದ 450 ಗ್ರಾಂ ತೂಗುತ್ತೆ, 6 ವರ್ಷದ ಮಗುಗೆ ಅದನ್ನ ಕೊಟ್ಟು "ಜೋರಾಗಿ ಒದಿ" ಅನ್ಬೇಡಿ. ತಲೇಲಿ ಚೆಂಡು ಹೊಡಿಯೋ ಅಭ್ಯಾಸ ಚಿಕ್ಕವರಿಗೆ ಬೇಡ, ಇಂಗ್ಲೆಂಡಲ್ಲೇ 2020ರಲ್ಲಿ ಪ್ರೈಮರಿ ಶಾಲೆ ವಯಸ್ಸಿನ ಮಕ್ಕಳ ಪ್ರಾಕ್ಟೀಸಿಂದ ಹೆಡ್ಡಿಂಗ್ ತೆಗೆದ್ರು. ಶಿನ್ ಗಾರ್ಡ್, ಅಂದ್ರೆ ಮೊಣಕಾಲ ಕೆಳಗಿನ ಮೂಳೆಗೆ ಏಟು ಬೀಳದ ಹಾಗೆ ಕಾಯೋ ಪಟ್ಟಿ, ಹಾಕ್ಲೇಬೇಕು, ಅದು ಆಟದ ನಿಯಮಾನೇ, ಚೌಕಾಸಿ ಇಲ್ಲ. ಮಗು ಹಿಮ್ಮಡಿ ನೋವು ಅಂದ್ರೆ ಸೋಂಬೇರಿತನ ಅನ್ಬೇಡಿ, ಬೆಳೆಯೋ ವಯಸ್ಸಲ್ಲಿ ಹಿಮ್ಮಡಿ ಮೂಳೆ ಇನ್ನೂ ಗಟ್ಟಿಯಾಗಿರಲ್ಲ, ಓಡಿ ಓಡಿ ಅಲ್ಲೇ ನೋವು ಬರುತ್ತೆ, ಆಟ ಸ್ವಲ್ಪ ದಿನ ನಿಲ್ಸಿ ಡಾಕ್ಟರಿಗೆ ತೋರ್ಸಿ.

ಬೂಟ್ ಬಗ್ಗೇನೇ ಒಂದು ದೊಡ್ಡ ಕತೆ ಇತ್ತು, ಆದ್ರೆ ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಕೈ ಆಡಿಸ್ತಿದಾರೆ. ಮುಂದಿನ ವರ್ಷಕ್ಕೂ ಆಗ್ಲಿ ಅಂತ ಒಂದು ಸೈಜ್ ದೊಡ್ಡದು ತರ್ಬೇಡಿ, ಸದ್ಯಕ್ಕೆ ಇಷ್ಟೇ. ಮತ್ತೆ, ಕೂಗ್ಬೇಡಿ. ನಮಸ್ಕಾರ.