ಬೇಟೆಯ ಕಾಡಿಗೆ ಎಟಿವಿ ಒಯ್ಯುವ ಮುನ್ನ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ನಮ್ಮ ಮಿನ್ನೆಸೋಟ ರಾಜ್ಯದಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಸೀಸನ್ ನವೆಂಬರ್ 6ಕ್ಕೆ ಹತ್ತಿರದ ಶನಿವಾರ ಶುರುವಾಗುತ್ತದೆ. ನಮ್ಮ ಕನ್ನಡದವರಲ್ಲಿ ಲೈಸೆನ್ಸ್ ತಗೊಂಡು ಬೇಟೆಗೆ ಹೋಗುವವರು ಕಡಿಮೆ. ಎಟಿವಿ, ಅಂದರೆ ಕಾಡುಮೇಡಿನಲ್ಲಿ ಓಡಿಸುವ ದಪ್ಪ ಟೈರಿನ ಸಣ್ಣ ಗಾಡಿ, ಬಾಡಿಗೆಗೆ ತಗೊಂಡು ಉತ್ತರದ ಕಾಡುಗಳಲ್ಲಿ ಸುತ್ತಾಡುವವರು ಜಾಸ್ತಿ. ಬೇಟೆಗಾರರಾಗಲಿ, ಸುತ್ತಾಡುವವರಾಗಲಿ, ಕಾಲಿಡುವುದು ಒಂದೇ ಕಾಡಿಗೆ. ಅದಕ್ಕೇ ಇವತ್ತಿನ ಮಾತು ಎಲ್ಲರಿಗೂ ಸಂಬಂಧಪಟ್ಟದ್ದು.

ಸರ್ಕಾರಿ ಜಾಗದಲ್ಲಿ ಬೇಟೆ ಅಂದರೆ ನಮಗೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ಊರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡು ಪ್ರಾಣಿಯನ್ನು ಹೊಡೆಯುವುದು ಅಪರಾಧ ಅಂತಲೇ ಕೇಳುತ್ತಾ ಬೆಳೆದವರು ನಾವು. ಇಲ್ಲಿ ಹಾಗಲ್ಲ. ಬೇಟೆಗಾರರ ದುಡ್ಡಿನಿಂದಲೇ ಎಷ್ಟೋ ಕಾಡು, ಜೌಗು, ಹುಲ್ಲುಗಾವಲು ಉಳಿದಿವೆ. 1937ರಲ್ಲಿ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಉದ್ದ ಬಂದೂಕು ಮತ್ತು ಗುಂಡುಗಳ ಮೇಲೆ 11 ಶೇಕಡಾ ತೆರಿಗೆ ಇದೆ, ಪಿಸ್ತೂಲಿನ ಮೇಲೆ 10 ಶೇಕಡಾ. ಆ ಹಣ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಜಾಗ ಕೊಳ್ಳಲು, ಕಾಡು ನೋಡಿಕೊಳ್ಳಲು ಅದನ್ನು ಬಳಸುತ್ತಾರೆ. ಹಾಗಾಗಿ ಈ ಜಾಗಗಳಲ್ಲಿ ಮೊದಲ ಲೆಕ್ಕ ಪ್ರಾಣಿಗಳದ್ದು. ನಮ್ಮ ಮೋಜು ಅದಕ್ಕೆ ಅಡ್ಡ ಬರಬಾರದು.

ಅಮೆರಿಕದಲ್ಲಿ ಎಟಿವಿಯಂಥ ಗಾಡಿಗಳ ಮೇಲೆ ದೇಶಮಟ್ಟದ ಕಡಿವಾಣ ಬಿದ್ದದ್ದೂ 1972ರಲ್ಲೇ. ಆ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಒಂದು ಆದೇಶ ಹೊರಡಿಸಿದರು. ದೇಶದಲ್ಲಿ ಆಗಲೇ ಅಂದಾಜು 50 ಲಕ್ಷ ಆಫ್-ರೋಡ್ ಗಾಡಿಗಳು ಓಡುತ್ತಿವೆ ಅಂತ ಆ ಆದೇಶವೇ ಹೇಳುತ್ತದೆ. ಕೇಂದ್ರ ಸರ್ಕಾರದ ಜಮೀನಿನಲ್ಲಿ ಇವು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಅಂತ ಮೊದಲೇ ಗುರುತಿಸಬೇಕು. ಹಾಗೆ ಗುರುತಿಸುವಾಗ ಮಣ್ಣು, ನೀರು, ಗಿಡಮರಕ್ಕೆ ಆಗುವ ಹಾನಿ, ಪ್ರಾಣಿಗಳಿಗೆ ಆಗುವ ಕಾಟ, ಜನರ ನಡುವಿನ ಜಗಳ ಇವೆಲ್ಲ ಆದಷ್ಟು ಕಡಿಮೆಯಾಗುವಂತೆ ನೋಡಿಕೊಳ್ಳಬೇಕು. ಇದು ಆದೇಶದ ಸಾರ. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಗಾಡಿಗಳಿಂದ ದೊಡ್ಡ ಹಾನಿ ಆಗುತ್ತಿದೆ ಅಂತ ಕಂಡರೆ ಆ ಜಾಗವನ್ನು ಅಧಿಕಾರಿಗಳು ಕೂಡಲೇ ಮುಚ್ಚಬೇಕು ಅಂತಾಯಿತು.

ಈಗ ನಮ್ಮ ಮಿನ್ನೆಸೋಟಕ್ಕೆ ಬರೋಣ. ಇಲ್ಲಿ ಬೇಟೆಗೆ ತೆರೆದಿರುವ ಜಾಗಗಳು ಎಲ್ಲವೂ ಒಂದೇ ಥರ ಅಲ್ಲ. ಎಡವುವುದೇ ಇಲ್ಲಿ. ಬೇಟೆಗೆ ಅವಕಾಶ ಇದೆ ಅಂದಮಾತ್ರಕ್ಕೆ ಎಟಿವಿಗೂ ಅವಕಾಶ ಇದೆ ಅಂತ ಅರ್ಥ ಅಲ್ಲ.

ರಾಜ್ಯದ ವೈಲ್ಡ್‌ಲೈಫ್ ಮ್ಯಾನೇಜ್‌ಮೆಂಟ್ ಏರಿಯಾಗಳು ಒಟ್ಟು ಸುಮಾರು 13 ಲಕ್ಷ ಎಕರೆ ಇವೆ. ವನ್ಯಜೀವಿಗಳಿಗೂ ಬೇಟೆಗೂ ಅಂತ ಇರುವ ಜಾಗ ಇವು, ಆದರೆ ಬಹುತೇಕ ಕಡೆ ಎಟಿವಿಗೆ ಪ್ರವೇಶ ಇಲ್ಲ. ಕಾರು ನಿಲ್ಲಿಸಿ ನಡೆದೇ ಹೋಗಬೇಕು. ರಾಜ್ಯ ಅರಣ್ಯಗಳಲ್ಲಿ ಮೂರು ವರ್ಗ ಇವೆ. 'ಮ್ಯಾನೇಜ್ಡ್' ಅಂತ ಇದ್ದರೆ, ಮುಚ್ಚಿದೆ ಅಂತ ಬೋರ್ಡ್ ಇಲ್ಲದ ದಾರಿಯಲ್ಲಿ ಹೋಗಬಹುದು. 'ಲಿಮಿಟೆಡ್' ಅಂತ ಇದ್ದರೆ ಇದು ತಿರುಗುಮುರುಗು: ತೆರೆದಿದೆ ಅಂತ ಬೋರ್ಡ್ ಇರುವ ಟ್ರೇಲಿನಲ್ಲಿ ಮಾತ್ರ ಹೋಗಬಹುದು. 'ಕ್ಲೋಸ್ಡ್' ಅಂದರೆ ಇಲ್ಲ ಅಂತಲೇ. ಸುಪೀರಿಯರ್, ಚಿಪ್ಪೆವಾ ಎರಡು ರಾಷ್ಟ್ರೀಯ ಅರಣ್ಯಗಳು. ಅಲ್ಲಿ 2005ರ ನಿಯಮದ ಪ್ರಕಾರ ಮೋಟರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಒಂದು ನಕಾಶೆ ಇರುತ್ತದೆ, ದುಡ್ಡಿಲ್ಲದೆ ಸಿಗುತ್ತದೆ. ನೋಡಲು ಸಾದಾ ಕಪ್ಪು ಬಿಳುಪು ಕಾಗದ, ಆದರೆ ಕಾನೂನು ಅದೇ. ಆ ನಕಾಶೆಯಲ್ಲಿ ಇಲ್ಲದ ದಾರಿ ನಿಮ್ಮ ಕಣ್ಣೆದುರಿಗೇ ಇದ್ದರೂ, ಅದರಲ್ಲಿ ಚಕ್ರದ ಗುರುತು ಇದ್ದರೂ, ಅದು ನಿಮಗೆ ಮುಚ್ಚಿದ ದಾರಿ. 'ಬೋರ್ಡ್ ಇರಲಿಲ್ಲ ಸಾರ್' ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಇನ್ನು ಕೆನಡಾ ಗಡಿಯ ಬೌಂಡರಿ ವಾಟರ್ಸ್ ಸಂರಕ್ಷಿತ ಕಾಡಿಗೆ ಎಟಿವಿ ಒಯ್ಯುವ ಯೋಚನೆಯನ್ನೇ ಬಿಟ್ಟುಬಿಡಿ.

ನನಗೆ ತುಂಬಾ ಹಿಡಿಸಿದ ನಿಯಮ ಇನ್ನೊಂದಿದೆ, ಅದು ಗಂಟೆಗಳದ್ದು. ಬಂದೂಕು ಸೀಸನ್ನಿನಲ್ಲಿ ಗುಂಡು ಹಾರಿಸಲು ಅವಕಾಶ ಇರುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತ ಆಗಿ ಅರ್ಧ ಗಂಟೆವರೆಗೆ. ಜಿಂಕೆ ಲೈಸೆನ್ಸ್ ಇರುವವರು ಸರ್ಕಾರಿ ಕಾಡಿನಲ್ಲಿ ಆ ಹೊತ್ತು ಶುರುವಾಗುವ ಮುಂಚೆ ಎಟಿವಿ ಓಡಿಸಬಹುದು, ಮುಗಿದ ಮೇಲೆ ಓಡಿಸಬಹುದು. ನಡುವೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ ಮಾತ್ರ. ಬೇಟೆಗೆ ಹೋಗದೆ ಸುಮ್ನೆ ಓಡಿಸಲು ಬರುವವರಿಗೂ ಆ ದಿನಗಳಲ್ಲಿ ರಾಜ್ಯ ಅರಣ್ಯದ ಟ್ರೇಲುಗಳಲ್ಲಿ ನಿರ್ಬಂಧ ಇರುತ್ತದೆ.

ಯಾಕೆ ಆ ಮೂರು ಗಂಟೆ? ಜಿಂಕೆ ಜಾಸ್ತಿ ಓಡಾಡುವುದು ನಸುಕಿನಲ್ಲಿ ಮತ್ತು ಸಂಜೆ. ಒಬ್ಬರು ಕತ್ತಲಲ್ಲೇ ಎದ್ದು, ಮೈಲಿಗಟ್ಟಲೆ ನಡೆದು, ಮರದ ಮೇಲೆ ಕಟ್ಟಿದ ಸ್ಟ್ಯಾಂಡಿನಲ್ಲಿ ಕೂತಿರುತ್ತಾರೆ. ನಮ್ಮ ಕಡೆ ಹೊಲ ಕಾಯಲು ಅಟ್ಟಣೆ ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಕೊರೆಯುವ ಚಳಿ. ಅಲುಗಾಡುವ ಹಾಗಿಲ್ಲ. ಎಂಟು ಗಂಟೆಗೆ ಯಾರೋ ಎಟಿವಿಯಲ್ಲಿ ಗುರ್ ಅಂತ ಕೆಳಗಿನಿಂದ ಹಾದು ಹೋದರೆ ಅವರ ಇಡೀ ಬೆಳಗು ಮಣ್ಣುಪಾಲು. ಬೇಕಂತ ಮಾಡಿದ್ದಲ್ಲ ಅಂದರೂ ಹಾಳಾಗಿದ್ದು ಹಾಳಾಗಿದ್ದೇ ಅಲ್ವಾ? ನಡು ಮಧ್ಯಾಹ್ನ ಜಿಂಕೆಗಳು ಹೆಚ್ಚಾಗಿ ಮಲಗಿರುತ್ತವೆ. ಆಗ ಊಟಕ್ಕೆ ಹೋಗಿ, ಹೊಡೆದ ಜಿಂಕೆ ಸಾಗಿಸಿ, ಜಾಗ ಬದಲಾಯಿಸಿ. ಬೇರೆಯವರಿಗೆ ತೊಂದರೆ ಕಡಿಮೆ.

ಪ್ರಾಣಿಗಳ ಮೇಲೆ ಆಗುವ ಪರಿಣಾಮ ಬರೀ ಊಹೆಯ ಮಾತಲ್ಲ. ಓರೆಗಾನ್ ರಾಜ್ಯದ ಸ್ಟಾರ್ಕಿ ಪ್ರಯೋಗ ಅರಣ್ಯದಲ್ಲಿ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ನೋಡಿದ್ದಾರೆ. ನಡೆದು ಬರುವವರು, ಕುದುರೆ ಸವಾರರು, ಸೈಕಲ್ಲಿನವರು, ಎಟಿವಿಯವರು, ಹೀಗೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಬಿಟ್ಟು ಹೋಲಿಸಿದ್ದಾರೆ. ಎಲ್ಕ್‌ಗಳನ್ನು ಎಲ್ಲರಿಗಿಂತ ಹೆಚ್ಚು ಕದಲಿಸಿದ್ದು ಎಟಿವಿ. ಓಡುವ ಪ್ರಾಣಿ ಮೇಯುವುದಿಲ್ಲ. ಚಳಿಗಾಲಕ್ಕೆ ಕೊಬ್ಬು ಕೂಡಿಸಿಕೊಳ್ಳಬೇಕಾದ ಸಮಯದಲ್ಲಿ ಅದಕ್ಕೆ ಅದು ದೊಡ್ಡ ನಷ್ಟ.

ಬೇಟೆಗಾರರಿಗೆ ಒಂದು ರಿಯಾಯಿತಿಯೂ ಇದೆ. ಮ್ಯಾನೇಜ್ಡ್, ಲಿಮಿಟೆಡ್ ಅರಣ್ಯಗಳಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಅಥವಾ ಸ್ಟ್ಯಾಂಡ್ ಕಟ್ಟಲು ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಎಟಿವಿಯನ್ನು ಟ್ರೇಲಿನಿಂದ ಆಚೆಗೆ ಒಯ್ಯಬಹುದು. ಸೆಪ್ಟೆಂಬರಿನಲ್ಲಾದರೆ, ಹೊಡೆದ ಪ್ರಾಣಿಯನ್ನು ತರಲು ಮಾತ್ರ ಒಯ್ಯಬಹುದು. ನನ್ನ ಕಳಕಳಿಯ ಮಾತು: ಈ ರಿಯಾಯಿತಿಯನ್ನು ಆದಷ್ಟು ಕಡಿಮೆ ಬಳಸಿ. ಯಾಕೆ ಅಂತ ಹೇಳುತ್ತೇನೆ. ಜೌಗಿನ ಅಂಚಿನ ಮಣ್ಣು ಮೇಲೆ ಹಸಿರಾಗಿ ಗಟ್ಟಿ ಕಾಣುತ್ತದೆ. ಚಕ್ರ ಒಂದು ಸಲ ಜಾರಿ ಸುತ್ತಿದರೆ ಟೈರಿನ ಹಲ್ಲುಗಳು ಪಾಚಿಯನ್ನೂ ಬೇರನ್ನೂ ಕಿತ್ತು ಹಿಂದಕ್ಕೆ ಎಸೆಯುತ್ತವೆ. ಕೆಳಗಿನ ಕಪ್ಪು ಕೆಸರು ಬಾಯಿ ಬಿಡುತ್ತದೆ. ಮಳೆ ಬಂದರೆ ನೀರು ಆ ಗೆರೆಯಲ್ಲೇ ಹರಿದು ಅದನ್ನು ಇನ್ನೂ ಆಳ ಮಾಡುತ್ತದೆ. ಮುಂದೆ ಬಂದವರು ಕೆಸರು ತಪ್ಪಿಸಲು ಪಕ್ಕದಲ್ಲಿ ಹೋಗುತ್ತಾರೆ. ಅವರ ಹಿಂದಿನವರು ಅದರ ಪಕ್ಕದಲ್ಲಿ. ನೋಡನೋಡುತ್ತಾ ಒಂದು ಗಾಡಿಯ ಜಾಡು ಮೂರು ಗಾಡಿ ಅಗಲ ಆಗಿರುತ್ತದೆ. ಆ ಗಾಯ ಮಾಯಲು ವರ್ಷಗಳು ಬೇಕು. ಜೌಗು ಪ್ರದೇಶ ಕೆಡಿಸುವುದು ಕಾನೂನಿನ ಪ್ರಕಾರವೂ ತಪ್ಪು, ರಿಯಾಯಿತಿ ಅದನ್ನು ಮಾಫಿ ಮಾಡುವುದಿಲ್ಲ.

ಬಂದೂಕಿನ ವಿಷಯ ಚಿಕ್ಕದು, ಖಡಾಖಂಡಿತ. ಗಾಡಿ ಹತ್ತುವ ಮುಂಚೆ ಗುಂಡು ತೆಗೆದಿಡಿ. ಎಟಿವಿ ಮೇಲೆ ಕೂತು ಗುಂಡು ಹಾರಿಸುವಂತಿಲ್ಲ. ಪ್ರಾಣಿಯನ್ನು ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗುವಂತಿಲ್ಲ. ಅಂಗವೈಕಲ್ಯ ಇರುವವರಿಗೆ ಮಾತ್ರ, ನಿಂತ ಗಾಡಿಯಿಂದ ಹೊಡೆಯಲು ವಿಶೇಷ ಪರ್ಮಿಟ್ ಸಿಗುತ್ತದೆ. ಇದು ತುಂಬಾ ಒಳ್ಳೆಯ ವ್ಯವಸ್ಥೆ. ಅವರಿಗೆ ಆ ಗಾಡಿ ಕಾಲಿನ ಬದಲು. ಉಳಿದ ನಮಗೆ ಅದು ಸಾಮಾನು ಸಾಗಿಸುವ ಗಾಡಿ, ಅಷ್ಟೆ.

ಸಾಗಿಸುವಾಗಲೂ ಹುಷಾರು. ಹೊಡೆದ ಜಿಂಕೆಯನ್ನು ಆ ಜಾಗದಿಂದ ಕದಲಿಸುವ ಮುಂಚೆ ಲೈಸೆನ್ಸಿನ ಗುರುತು ಚೀಟಿಯ, ಅಂದರೆ ಟ್ಯಾಗಿನ, ಕೆಲಸ ಮುಗಿಸಬೇಕು. ಆಮೇಲೆ ಅದನ್ನು ಹಿಂದಿನ ರ‍್ಯಾಕಿಗೆ ಏರಿಸಿದಿರಿ ಅನ್ನಿ, ಗಾಡಿಯ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ. ಏರು ಹತ್ತುವಾಗ ಮುಂದಿನ ಚಕ್ರ ಎದ್ದು ಗಾಡಿ ನಿಮ್ಮ ಮೇಲೇ ಮಗುಚಬಹುದು. ರ‍್ಯಾಕಿನ ಮೇಲೆ ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುತ್ತದೆ, ನೋಡಿ. ಬಿಗಿಯಾಗಿ ಕಟ್ಟಿ, ಏರು ಬಿಟ್ಟು ಸಪಾಟು ದಾರಿಯಲ್ಲಿ ನಿಧಾನಕ್ಕೆ ಬನ್ನಿ.

ಮಕ್ಕಳಿರುವವರು ಇದನ್ನು ಕೇಳಿಸಿಕೊಳ್ಳಿ. 18 ತುಂಬದವರಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯ ಇಲ್ಲದಿದ್ದರೂ ದಯವಿಟ್ಟು ಹಾಕಿಕೊಳ್ಳಿ. 1987ರ ಜುಲೈ 1ರ ನಂತರ ಹುಟ್ಟಿದವರು ಸುರಕ್ಷತಾ ತರಬೇತಿ ಮುಗಿಸಿ ಸರ್ಟಿಫಿಕೇಟ್ ಪಡೆದಿರಬೇಕು. ಒಬ್ಬರಿಗೆಂದು ಮಾಡಿದ ಗಾಡಿಯಲ್ಲಿ ಮಗುವನ್ನು ಹಿಂದೆ ಕೂರಿಸಿಕೊಳ್ಳಬೇಡಿ.

ಸೀಸನ್ನಿನಲ್ಲಿ ಕಾಡಿಗೆ ಹೋಗುವ ಯಾರೇ ಆದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿ. ಸೈಲೆನ್ಸರ್ ಹತ್ತಿರ ಒಣಹುಲ್ಲು ಸಿಕ್ಕಿಕೊಂಡಿದ್ದರೆ ತೆಗೆಯಿರಿ, ಅದರಿಂದ ಬೆಂಕಿ ಹತ್ತುತ್ತದೆ. ಮನೆಗೆ ಹೊರಡುವ ಮುಂಚೆ ಗಾಡಿಯ ಕೆಸರು ತೊಳೆಯಿರಿ. ಒಂದು ಕಾಡಿನ ಕಳೆಬೀಜ ಇನ್ನೊಂದು ಕಾಡಿಗೆ ಹೋಗುವುದು ಆ ಕೆಸರಿನಲ್ಲೇ.

ನಿಯಮಗಳು ಬದಲಾಗುತ್ತಿರುತ್ತವೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಪ್ರತಿ ವರ್ಷ ಬೇಟೆಯ ನಿಯಮ ಪುಸ್ತಕ ಹೊರತರುತ್ತದೆ. ಈ ವರ್ಷದ್ದನ್ನೇ ಓದಿ, ಹಳೆಯದನ್ನು ನಂಬಬೇಡಿ. ಎರಡು ರಾಷ್ಟ್ರೀಯ ಅರಣ್ಯಗಳ ನಕಾಶೆಗಳನ್ನು ಈ ಮೇಜಿನ ಮೇಲೆ ಹರಡಿದ್ದೇನೆ. ನೀವು ಎಲ್ಲಿಗೆ ಹೊರಟಿದ್ದೀರಿ ಹೇಳಿ, ಆ ದಾರಿ ತೆರೆದಿದೆಯಾ ಅಂತ ಒಟ್ಟಿಗೆ ನೋಡೋಣ.