ಮೊದಲ ದುಡ್ಡು ಮಣ್ಣಿನ ಪರೀಕ್ಷೆಗೆ

ಕೇಳುಗರೇ, ನಮಸ್ಕಾರ.

ಕಾರವಾರದಲ್ಲಿ ಒಂದು ಆಸ್ಪತ್ರೆಗೋ, ಬಸ್ ಡಿಪೋಗೋ, ಮನೆಯಿಲ್ಲದವರ ಮನೆಗೋ ಜಾಗ ಹುಡುಕಿ ನೋಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ. ಗುಡ್ಡ ಹತ್ತಿದರೆ ಅರಣ್ಯ. ದಕ್ಷಿಣಕ್ಕೆ ಹೋದರೆ ನೌಕಾನೆಲೆ. ಉಳಿದದ್ದು ಗದ್ದೆ, ತೆಂಗಿನ ತೋಟ, ಹೊಳೆಯ ದಂಡೆ. ಹೊಸ ಯೋಜನೆ ಬಂದಾಗಲೆಲ್ಲ ಯಾರದೋ ಗದ್ದೆಯ ಮೇಲೆ ಕಣ್ಣು ಬೀಳುತ್ತದೆ. ಸೀಬರ್ಡ್ ನೌಕಾನೆಲೆಗಾಗಿ, ಕಾಳಿ ನದಿಯ ಅಣೆಕಟ್ಟೆಗಳಿಗಾಗಿ ಊರು ಬಿಟ್ಟವರ ಜಿಲ್ಲೆ ಇದು. ನೆಲ ಬಿಡುವುದೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಒಂದು ಬಗೆಯ ಜಾಗದ ಬಗ್ಗೆ ನಾವು ಮಾತೇ ಆಡುವುದಿಲ್ಲ. ಒಮ್ಮೆ ದುಡಿದು ಈಗ ಸುಮ್ಮನೆ ಬಿದ್ದಿರುವ ಜಾಗ. ದಾಂಡೇಲಿಯಲ್ಲಿ ಪ್ಲೈವುಡ್ ಕಾರ್ಖಾನೆ ಮುಚ್ಚಿತು, ಫೆರೋ ಅಲಾಯ್ಸ್ ಮುಚ್ಚಿತು. ಬೇಲೇಕೇರಿ ಬಂದರಿನ ಅಂಗಳದಲ್ಲಿ 2010ರಲ್ಲಿ ಜಪ್ತಿಯಾದ ಅದಿರು ವರ್ಷಗಟ್ಟಲೆ ಮಳೆಯಲ್ಲಿ ನೆನೆಯಿತು. ಊರೂರಲ್ಲೂ ಹಳೇ ಗ್ಯಾರೇಜು, ಪೆಟ್ರೋಲ್ ಬಂಕ್, ಬ್ಯಾಟರಿ ಅಂಗಡಿ ಇದ್ದ ಮೂಲೆಗಳಿವೆ. ಇವೆಲ್ಲ ವಿಷವಾಗಿವೆ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ಹಾಗೆ ಹೇಳಬಾರದು. ಪರೀಕ್ಷೆ ಮಾಡದೆ ಸ್ವಚ್ಛವಾಗಿವೆ ಎಂದೂ ಹೇಳಬಾರದು, ಅಲ್ವಾ? ಆ ಪರೀಕ್ಷೆಯ ಖರ್ಚನ್ನು ಸರಕಾರ ಹಾಕಬೇಕು, ಎಲ್ಲಕ್ಕಿಂತ ಮೊದಲು ಹಾಕಬೇಕು ಎಂಬುದು ಇವತ್ತಿನ ನನ್ನ ಮಾತು.

ಸರಕಾರವೇ ಯಾಕೆ? ಮಾಲೀಕರ ಲೆಕ್ಕ ನೋಡಿ. ಮಣ್ಣು ಪರೀಕ್ಷೆಗೆ ಕೊಟ್ಟು ಸೀಸವೋ ಪಾದರಸವೋ ಸಿಕ್ಕರೆ, ಸ್ವಚ್ಛ ಮಾಡುವ ಹೊಣೆ ಅವರ ತಲೆಗೆ. ಕೊಡದಿದ್ದರೆ ಯಾವ ತಾಪತ್ರಯವೂ ಇಲ್ಲ. ಕೊಳ್ಳಲು ಬಂದವರಿಗೂ ಇದೇ ಭಯ, ಸಾಲ ಕೊಡುವ ಬ್ಯಾಂಕಿಗೂ ಇದೇ ಭಯ. ಹೀಗೆ ಗೇಟಿಗೆ ಬೀಗ ಬಿದ್ದು, ಒಳಗೆ ಗಿಡಗಂಟಿ ಬೆಳೆಯುತ್ತದೆ.

ಅಷ್ಟರಲ್ಲಿ ಮಳೆ ಬರುತ್ತದೆ. ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಕೆಳಗೆ ಮರಳು, ಇಲ್ಲವೇ ಚಿರೆಕಲ್ಲು. ಎರಡರಲ್ಲೂ ನೀರು ಬೇಗ ಇಳಿಯುತ್ತದೆ. ಆಷಾಢದಲ್ಲಿ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆಂದು ನಿಮಗೇ ಗೊತ್ತು. ನೆಲದಲ್ಲಿ ಡೀಸೆಲ್ ಇಂಗಿದ್ದರೆ ಅದು ಆ ನೀರಿನ ಮೇಲೆ ತೇಲಿ ಪಕ್ಕದ ಹಿತ್ತಿಲಿಗೆ ಸರಿಯುತ್ತದೆ. ಸೀಸ ಹಾಗಲ್ಲ. ಅದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಮಣ್ಣು ಕೊಚ್ಚಿಹೋದಾಗ ಹಳ್ಳಕ್ಕೆ, ಹಳ್ಳದಿಂದ ಅಳಿವೆಗೆ ಹೋಗುತ್ತದೆ. ಅಳಿವೆಯಲ್ಲಿ ಚಿಪ್ಪಿಕಲ್ಲು ಇದೆ. ನೀರು ಸೋಸಿ ಬದುಕುವ ಜೀವಿ ಅದು. ನೀರಲ್ಲಿದ್ದ ಲೋಹ ಅದರ ಮೈಯಲ್ಲಿ ಸೇರುತ್ತದೆ. ಪಾದರಸವಾದರೆ ಇನ್ನೂ ಕಷ್ಟ. ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಮಾಡುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೆಚ್ಚುತ್ತಾ ಹೋಗಿ ಊಟದ ತಟ್ಟೆಗೆ ಬರುತ್ತದೆ. ಮೊಣಕಾಲು ಮಟ್ಟದ ನೀರಲ್ಲಿ ನಿಂತು ಚಿಪ್ಪಿಕಲ್ಲು ಆರಿಸುವ ಹೆಂಗಸರಿಗೆ ಯಾವ ಕಾರ್ಖಾನೆಯ ಲಾಭದಲ್ಲೂ ಪಾಲಿರಲಿಲ್ಲ. ಅದರ ಕೊಳೆಯಲ್ಲಿ ಮಾತ್ರ ಯಾಕೆ ಪಾಲು?

ಹಾಳು ಮಾಡಿದವರೇ ದುಡ್ಡು ಕೊಡಲಿ ಎನ್ನುತ್ತೀರಿ. ಕೊಡಲೇಬೇಕು. ಆದರೆ ಅದಕ್ಕಾಗಿ ಕಾಯುತ್ತಾ ಕೂತರೆ ಏನಾಗುತ್ತದೆ ಎಂಬುದಕ್ಕೆ ರಾಜಸ್ಥಾನದ ಬಿಚ್ರಿ ಗ್ರಾಮ ಸಾಕ್ಷಿ. ರಾಸಾಯನಿಕ ಕಾರ್ಖಾನೆಗಳ ಕೊಳೆ ಅಲ್ಲಿನ ಬಾವಿಗಳನ್ನು ಕೆಡಿಸಿತು. ಕೆಡಿಸಿದವರೇ ಖರ್ಚು ಕೊಡಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಅದೇ ದುಡ್ಡಿಗಾಗಿ 2011ರಲ್ಲಿ ಮತ್ತೊಮ್ಮೆ ಆದೇಶ ಮಾಡಬೇಕಾಯಿತು. ಭೋಪಾಲದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ಕಸವನ್ನು ಸುಟ್ಟಿದ್ದು 2025ರಲ್ಲಿ, ದುರಂತ ನಡೆದು 40 ವರ್ಷವಾದ ಮೇಲೆ. ಅದಕ್ಕೆ 126 ಕೋಟಿ ರೂಪಾಯಿ ಕೊಟ್ಟದ್ದು ಕೇಂದ್ರ ಸರಕಾರ. ಕೊನೆಗೂ ನಮ್ಮ ದುಡ್ಡೇ ಹೋಗುವುದಾದರೆ ಅದು ಬಾವಿ ಕೆಡುವ ಮೊದಲೇ ಹೋಗಲಿ. ಹೊಣೆಗಾರರಿಂದ ವಸೂಲಿ ಆಮೇಲೆ ನಡೆಯಲಿ, ಬಡ್ಡಿ ಸಮೇತ ನಡೆಯಲಿ.

ಅಮೆರಿಕದಲ್ಲಿ ಇಂಥ ಕೆಟ್ಟ ಜಾಗಗಳನ್ನು ಸ್ವಚ್ಛ ಮಾಡಲೆಂದು 1980ರಲ್ಲಿ ಸೂಪರ್‌ಫಂಡ್ ಎಂಬ ನಿಧಿ ಮಾಡಿದರು. ಪೆಟ್ರೋಲಿಯಂ ಮತ್ತು ರಾಸಾಯನಿಕ ಕಂಪನಿಗಳ ಮೇಲಿನ ತೆರಿಗೆಯಿಂದ ಅದಕ್ಕೆ ಹಣ ಬರುತ್ತಿತ್ತು. 1995ರಲ್ಲಿ ಆ ತೆರಿಗೆಯ ಅವಧಿ ಮುಗಿಯಿತು, ಭಾರ ಜನರ ತೆರಿಗೆಯ ಮೇಲೆ ಬಿತ್ತು. ರಾಸಾಯನಿಕಗಳ ಮೇಲಿನ ತೆರಿಗೆ ಮರಳಿ ಬರಲು 2021ರ ಕಾನೂನೇ ಬೇಕಾಯಿತು. ನಮ್ಮಲ್ಲೂ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. 2017ರಲ್ಲಿ ಅದು ಜಿಎಸ್‌ಟಿಯಿಂದ ರಾಜ್ಯಗಳಿಗಾದ ನಷ್ಟ ತುಂಬಿಕೊಡುವ ಲೆಕ್ಕಕ್ಕೆ ಹೋಯಿತು. ಪರಿಸರದ ಹೆಸರಲ್ಲಿ ಎತ್ತಿದ ಹಣ ಬೇರೆ ಕಡೆ ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಅಮೆರಿಕದಿಂದ ಕಲಿಯಬೇಕಾದ ಇನ್ನೊಂದು ವಿಷಯವಿದೆ. ಅಲ್ಲಿ ಮಣ್ಣಿನ ಪರೀಕ್ಷೆಗೆಂದೇ ಊರಿನ ಆಡಳಿತಕ್ಕೆ ಪ್ರತ್ಯೇಕ ಅನುದಾನ ಸಿಗುತ್ತದೆ. ವರದಿ ಕೈಯಲ್ಲಿದ್ದರೆ ಕೊಳ್ಳುವವರು ತಾವಾಗಿಯೇ ಬರುತ್ತಾರೆ.

ಈಗ ನಮಗೂ ಒಂದು ದಾರಿ ತೆರೆದಿದೆ. 2025ರ ಜುಲೈನಲ್ಲಿ ಕೇಂದ್ರ ಸರಕಾರ ಕಲುಷಿತ ಜಾಗಗಳ ನಿರ್ವಹಣೆಗೆ ಹೊಸ ನಿಯಮ ತಂದಿತು. ದೇಶದಲ್ಲಿ ಆಗಲೇ 103 ಜಾಗ ಗುರುತಿಸಿದ್ದರು, ಶುದ್ಧೀಕರಣ ಶುರುವಾದದ್ದು 7ರಲ್ಲಿ ಮಾತ್ರ. ಹೊಸ ನಿಯಮದಂತೆ, ಅನುಮಾನವಿರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ವರ್ಷಕ್ಕೆ ಎರಡು ಬಾರಿ ಕೊಡಬೇಕು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಮಾಡಬೇಕು. ಹೊಣೆಗಾರರು ಸಿಗದಿದ್ದರೆ ಖರ್ಚು ಕೇಂದ್ರ ಮತ್ತು ರಾಜ್ಯದ್ದು.

ಸ್ವಚ್ಛವಾದ ಮೇಲೆ ಆ ಜಾಗ ಯಾರಿಗೆ ಎಂಬುದನ್ನೂ ಮೊದಲೇ ಬರೆದಿಡಬೇಕು. ಜನರ ದುಡ್ಡಿನಿಂದ ನೆಲದ ಬೆಲೆ ಏರಿದರೆ, ಏರಿದ ಪಾಲು ಇಂಥ ಪರೀಕ್ಷೆ, ಶುದ್ಧೀಕರಣದ ಖರ್ಚಿಗೇ ಮರಳಬೇಕು. ಬಳಕೆಯನ್ನೂ ನೋಡಿ ನಿರ್ಧರಿಸಬೇಕು. ಗೋದಾಮಿಗೆ ಸಾಕಾಗುವ ಶುದ್ಧೀಕರಣ ಅಂಗನವಾಡಿಗೆ ಸಾಲದು, ಮಕ್ಕಳು ಮಣ್ಣಲ್ಲಿ ಆಡುತ್ತಾರೆ, ಆ ಕೈ ಬಾಯಿಗೆ ಹೋಗುತ್ತದೆ.

ನಿಮ್ಮೂರಲ್ಲಿ ಇಂಥ ಜಾಗವಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆಯಿರಿ. ಸರ್ವೆ ನಂಬರು, ಅಲ್ಲಿ ಏನು ತಯಾರಾಗುತ್ತಿತ್ತು, ಯಾವಾಗ ಮುಚ್ಚಿತು, ಹತ್ತಿರದ ಬಾವಿಗಳು ಎಷ್ಟು ದೂರ, ಇಷ್ಟನ್ನು ಬರೆಯಿರಿ. ಅಲ್ಲಿ ದುಡಿದ ಹಿರಿಯರನ್ನು ಕೇಳಿ. ಡ್ರಮ್ಮು ಎಲ್ಲಿ ಇಡುತ್ತಿದ್ದರು, ತೊಳೆದ ನೀರು ಎತ್ತ ಹರಿಯುತ್ತಿತ್ತು ಎಂಬುದು ಕಾಗದಪತ್ರಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಬಾವಿ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಎರಡು ಸಲ ಪರೀಕ್ಷೆ ಮಾಡಿಸಿ ಎಂದು ಅರ್ಜಿಯಲ್ಲೇ ಕೇಳಿ. ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ನಮಸ್ಕಾರ.