ಬಸ್ಸು ಆರಿಸಿದ ಸಬ್ಜೆಕ್ಟು

ಪ್ರಿನ್ಸಿಪಾಲರು ಇಪ್ಪತ್ತು ನಿಮಿಷ ಅಂದಿದ್ದಾರೆ. ಮೈಕ್ ಸರಿ ಮಾಡುವುದರಲ್ಲೇ ಮೂರು ಹೋಯಿತು. ಹಾಗಾಗಿ ಪೀಠಿಕೆ ಇಲ್ಲ.

ದೆಹಲಿಯಂಥ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಸೇರಲು ಬರೆಯುವ ಪರೀಕ್ಷೆ ಸಿಯುಇಟಿ. ಅದರ ಬಗ್ಗೆ ಮಾತಾಡಲು ಯಾವ ಕಾಲೇಜಿಗೆ ಹೋದರೂ ಮಕ್ಕಳದು ಒಂದೇ ಪ್ರಶ್ನೆ. "ಸಾರ್, ಸಿಯುಇಟಿಗೆ ಯಾವ ಸಬ್ಜೆಕ್ಟ್ ಸ್ಕೋರಿಂಗು?" ಬಸ್ ಸ್ಟ್ಯಾಂಡಿಗೆ ಬಂದು ಯಾವ ಬಸ್ಸಿನ ಸೀಟು ಮೆತ್ತಗಿದೆ ಅಂತ ಕೇಳಿದ ಹಾಗೆ. ಎಲ್ಲಿಗೆ ಹೋಗಬೇಕು ಅಂತ ಮೊದಲು ಹೇಳಪ್ಪ!

ಬಸ್ಸು ಅಂದಾಗ ನೆನಪಾಯಿತು. ನನ್ನ ಹತ್ತಿರ ಹಿಸ್ಟರಿ ಓದಿದ ಹುಡುಗಿ ಒಬ್ಬಳಿದ್ದಳು. ಹೆಪ್ಸ್ ಕಾಂಬಿನೇಷನ್, ಅಂದರೆ ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ. ಹಳ್ಳಿಯಿಂದ ದಿನಾ ಬರುತ್ತಿದ್ದಳು, ಟಿಫಿನ್ ಡಬ್ಬಿಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು. ಪೇಪರಿನಲ್ಲಿ ಬಜೆಟ್ ಬಂದ ದಿನ ಆ ಪುಟ ಕತ್ತರಿಸಿ ಇಟ್ಟುಕೊಳ್ಳುವಷ್ಟು ಎಕನಾಮಿಕ್ಸ್ ಹುಚ್ಚು. ದೆಹಲಿ ವಿಶ್ವವಿದ್ಯಾಲಯದಲ್ಲಿ ಎಕನಾಮಿಕ್ಸ್ ಆನರ್ಸ್ ಮಾಡಬೇಕು ಅಂತ ಆಸೆ. ಸಿಯುಇಟಿ ಬರೆದಳು, ಅಂಕ ಚೆನ್ನಾಗಿಯೇ ಬಂತು. ಒಂದು ರಾತ್ರಿ ಒಂಬತ್ತೂವರೆಗೆ ಫೋನು. "ಸಾರ್, ಆ ಕೋರ್ಸಿಗೆ ನನ್ನ ಹೆಸರು ತಗೊಳ್ತಾನೇ ಇಲ್ಲ." ತಗೊಳ್ಳುವುದು ಹೇಗೆ? ಅಲ್ಲಿ ಎಕನಾಮಿಕ್ಸ್ ಆನರ್ಸಿಗೆ ಒಂದು ಭಾಷೆ, ಗಣಿತ, ಜೊತೆಗೆ ಇನ್ನೆರಡು ವಿಷಯ ಬೇಕು. ಗಣಿತವನ್ನು ಪಿಯುಸಿಯಲ್ಲೂ ಓದಿ ಪಾಸಾಗಿರಬೇಕು. ಇವಳು ಎಸ್ಸೆಸ್ಸೆಲ್ಸಿಯ ನಂತರ ಗಣಿತದ ಮುಖ ನೋಡಿರಲಿಲ್ಲ.

ಯಾಕಮ್ಮ ತಗೊಳ್ಳಲಿಲ್ಲ ಅಂದೆ. ಗಣಿತಕ್ಕೆ ಹೆದರಿದ್ದಳು ಅಂದುಕೊಂಡಿರಾ? ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಗಣಿತದಲ್ಲೇ ಜಾಸ್ತಿ ಅಂಕ. ನಮ್ಮಲ್ಲಿ ಗಣಿತದ ಕ್ಲಾಸು ಬೆಳಿಗ್ಗೆ ಎಂಟೂವರೆಗೆ. ಅವಳೂರಿನ ಬಸ್ಸು ಬರುವುದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಅಷ್ಟೇ ಕಾರಣ. ಅಡ್ಮಿಷನ್ ಟೇಬಲ್ಲಿನ ಈಚೆ ಕಡೆ ಕೂತು ಆ ಅರ್ಜಿಗೆ ಸಹಿ ಹಾಕಿದವನು ನಾನೇ. ನಾನೂ ಕೇಳಲಿಲ್ಲ.

ಈಗ ಬೇರೆ ಕಡೆ ಬಿಎ ಓದುತ್ತಿದ್ದಾಳೆ, ಖುಷಿಯಾಗಿದ್ದಾಳೆ. ನನಗೇ ಇನ್ನೂ ಚುಚ್ಚುತ್ತದೆ.

ಅದಕ್ಕೇ ಹೇಳುವುದು, ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಕೋರ್ಸು, ಆಮೇಲೆ ಆ ಕೋರ್ಸು ಕೇಳುವ ವಿಷಯ, ಕೊನೆಗೆ ಫಾರಂ. 2025ರಿಂದ ಪಿಯುಸಿಯಲ್ಲಿ ಓದದ ವಿಷಯವನ್ನೂ ಸಿಯುಇಟಿಯಲ್ಲಿ ಬರೆಯಬಹುದು ಅಂತಾಗಿದೆ. ಬರೆಯಲು ಬಿಡುವುದು ಬೇರೆ, ಸೀಟು ಕೊಡುವುದು ಬೇರೆ. ಕೋರ್ಸು ಕೇಳದ ವಿಷಯದಲ್ಲಿ 250ಕ್ಕೆ 250 ಬಂದರೂ ಮನೆಯಲ್ಲಿ ಫ್ರೇಮ್ ಹಾಕಿಸಿಕೊಳ್ಳಬಹುದು, ಅಷ್ಟೇ.

ಇನ್ನು, ಹೋದ ವರ್ಷ ಬರೆದ ಅಣ್ಣನ ಮಾತು ಕೇಳಬೇಡಿ. 2022ರಲ್ಲಿ ಪರೀಕ್ಷೆ ಶುರುವಾದಾಗ ಒಂಬತ್ತು ವಿಷಯದವರೆಗೆ ಬರೆಯಬಹುದಿತ್ತು. ಮರುವರ್ಷ ಹತ್ತು, ಆಮೇಲೆ ಆರು, 2025ರಲ್ಲಿ ಐದು. ಅಣ್ಣ ಸುಳ್ಳು ಹೇಳುವುದಿಲ್ಲ, ಪಾಪ. ನಿಯಮ ಅವನಿಗಿಂತ ಜೋರಾಗಿ ಓಡುತ್ತದೆ. ಪರೀಕ್ಷೆಯ ಈ ವರ್ಷದ ಮಾಹಿತಿ ಬುಲೆಟಿನ್ನನ್ನೇ ಓದಿ.

ಐದೇ ವಿಷಯ ಅಂದಮೇಲೆ ಭಾಷೆಯ ಮಾತು ಬರುತ್ತದೆ. ಭಾಷೆ ಅಂದ ಕೂಡಲೇ ಎಲ್ಲರೂ ಇಂಗ್ಲಿಷಿಗೆ ಟಿಕ್ ಹಾಕುತ್ತೀರಿ. ಪಟ್ಟಿಯಲ್ಲಿ ಹದಿಮೂರು ಭಾಷೆಗಳಿವೆ. ಕನ್ನಡದ ಕೋಡ್ 106. ದೆಹಲಿಯಲ್ಲಿ ಇಂಗ್ಲಿಷ್ ಆನರ್ಸಿಗೆ ಇಂಗ್ಲಿಷೇ ಬೇಕು, ಒಪ್ಪಿದೆ. ಆದರೆ ಫಿಸಿಕ್ಸ್ ಆನರ್ಸಿಗೆ ಒಂದು ಭಾಷೆಯಲ್ಲಿ ಶೇ 30 ಬಂದರೆ ಸಾಕು, ಅದು ಕನ್ನಡವಾದರೂ ಆಗುತ್ತದೆ. ಸೀಟು ಕೊಡುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ನೋಡಿ. ಬಿಎ ಕಡೆಗೆ ಭಾಷೆಯ ಅಂಕವೂ ಲೆಕ್ಕಕ್ಕೆ ಬರುತ್ತದೆ. ಹಾಗಿದ್ದ ಮೇಲೆ ಮನೆಯಲ್ಲಿ ಆಡುವ ಭಾಷೆ ಬಿಟ್ಟು ಗ್ರಾಮರ್ ಪುಸ್ತಕದ ಹಿಂದೆ ಯಾಕೆ ಬೀಳ್ತೀರಿ? ಅಪ್ಪಂದಿರು ಮುಖ ಸಿಂಡರಿಸುತ್ತಿದ್ದಾರೆ. ಸಿಂಡರಿಸಲಿ.

ತಯಾರಿ... ಪ್ರಿನ್ಸಿಪಾಲರು ವಾಚು ನೋಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಫಿಸಿಕ್ಸ್, ಹಿಸ್ಟರಿಯಂಥ ವಿಷಯಗಳ ಪ್ರಶ್ನೆ ಬರುವುದು ಹನ್ನೆರಡನೇ ತರಗತಿಯ ಕೇಂದ್ರ ಪಠ್ಯವಾದ ಎನ್‌ಸಿಇಆರ್‌ಟಿ ಪಾಠಗಳಿಂದ. ನಿಮ್ಮ ಪಿಯು ಪುಸ್ತಕದ ಪರಿವಿಡಿಯನ್ನೂ ಸಿಯುಇಟಿ ಸಿಲಬಸ್ಸನ್ನೂ ಪಕ್ಕಪಕ್ಕ ಇಟ್ಟುಕೊಂಡು, ಇಲ್ಲದ ಪಾಠಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದು ಸಂಜೆಯ ಕೆಲಸ. 60 ನಿಮಿಷಕ್ಕೆ 50 ಪ್ರಶ್ನೆ, ಅಂದರೆ ಒಂದಕ್ಕೆ 72 ಸೆಕೆಂಡು.

ನೆಗೆಟಿವ್ ಮಾರ್ಕಿಂಗಿಗೆ ಹೆದರಬೇಡಿ. ನಮ್ಮ ಸಿಇಟಿಯಲ್ಲಿ ಅದಿಲ್ಲವಾದ್ದರಿಂದ ನಮ್ಮ ಮಕ್ಕಳು ಇಲ್ಲಿ ಜಾಸ್ತಿ ನಡುಗುತ್ತಾರೆ. ಸರಿಯಾದರೆ 5, ತಪ್ಪಾದರೆ ಮೈನಸ್ 1. ಕಣ್ಣು ಮುಚ್ಚಿ ನಾಲ್ಕು ಪ್ರಶ್ನೆಗೆ ಟಿಕ್ ಹೊಡೆದರೆ ಲೆಕ್ಕದ ಪ್ರಕಾರ ಒಂದು ಸರಿ, ಮೂರು ತಪ್ಪು. ಐದರಲ್ಲಿ ಮೂರು ಹೋದರೂ ಎರಡು ಉಳಿಯಿತು, ಅಲ್ವಾ? ನಾನು ಜೂಜು ಕಲಿಸುತ್ತಿಲ್ಲ ತಾಯಂದಿರೇ. ಎರಡು ಉತ್ತರ ತಪ್ಪು ಅಂತ ಗೊತ್ತಾದ ಮೇಲೂ ಖಾಲಿ ಬಿಟ್ಟು ಬರುವವರಿಗೆ ಹೇಳುತ್ತಿದ್ದೇನೆ.

ಮ್ಯಾಥ್ಸ್ ಪೇಪರಿನಲ್ಲಿ ಮೊದಲ 15 ಎಲ್ಲರಿಗೂ, ಆಮೇಲೆ ಎರಡು ಭಾಗದಲ್ಲಿ ಒಂದನ್ನು... ಚೀಟಿ ಬಂತು. ಸರಿ, ಅದನ್ನು ಆಮೇಲೆ ಹೊರಗೆ ಸಿಕ್ಕಿ ಕೇಳಿ.

ಹಿಂದಿನ ಸಾಲಿನಲ್ಲಿ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳ ಅಪ್ಪ ಅಮ್ಮ ಯಾರಾದರೂ ಇದ್ದೀರಾ? ನಾಲ್ಕು ಕೈ. ನೀವು ಊಟಕ್ಕೆ ಮುಂಚೆ ನನ್ನ ಹತ್ತಿರ ಬಂದು ಹೋಗಿ. ನಿಮ್ಮೂರಿನ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಬೇಕು.